ನೀರೇ ತೆರೆಯುವ ಕೋಡಿ

ಮಳೆ ಚೆನ್ನಾಗಿ ಹಿಡಿದ ವರ್ಷ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಜನ ಹರಿದು ಬರುತ್ತಾರೆ. ಬೈಕಿನ ಮೇಲೆ ಮೂವರು ಮೂವರಾಗಿ ಹುಡುಗರು, ಟೆಂಪೊ ಮಾಡಿಕೊಂಡು ಬಂದ ಮನೆಮಂದಿ, ಅವರ ಬೆನ್ನಿಗೇ ಚುರುಮುರಿ, ಜೋಳದ ಗಾಡಿಗಳು. ಅಂಚಿನವರೆಗೆ ತುಂಬಿ ನಿಂತ ನೀರು ಇನ್ನೊಂದೆರಡು ಗೇಣು ಏರಿದರೆ ಸಾಕು, ಒಳಗೆಲ್ಲೋ ಗಾಳಿ ಎಳೆದುಕೊಂಡಂಥ ಸದ್ದು. ಸದ್ದು ಗುಡುಗಾಗುತ್ತದೆ. ಅದರ ಹಿಂದೆಯೇ ಅಣೆಕಟ್ಟೆಯ ಕೆಳಬದಿಯಿಂದ ಬೆಳ್ಳನೆಯ ನೀರು ನುಗ್ಗಿ ಬರುತ್ತದೆ, ನೋಡುತ್ತಿದ್ದವರ ಮೊಬೈಲ್‌ಗಳೆಲ್ಲ ಮೇಲೇಳುತ್ತವೆ.

ಯಾರೂ ಗುಂಡಿ ಒತ್ತಿಲ್ಲ, ಚಕ್ರ ತಿರುಗಿಸಿಲ್ಲ. ಕರೆಂಟ್ ಹೋಗಿದ್ದರೂ ಇದು ನಡೆಯುತ್ತಿತ್ತು. ಕಾವಲಿನವನು ಊಟಕ್ಕೆ ಹೋಗಿದ್ದರೂ ನಡೆಯುತ್ತಿತ್ತು. ನೀರು ಇಷ್ಟು ಮಟ್ಟಕ್ಕೆ ಬಂತೆಂಬುದನ್ನು ನೀರೇ ಅರಿತು, ತಾನೇ ದಾರಿ ತೆರೆದು, ಮಟ್ಟ ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆ ಇದು. ಊರಿನವರ ಬಾಯಲ್ಲಿ ಇದಕ್ಕೆ 'ಸೈಫನ್' ಎಂದಷ್ಟೇ ಹೆಸರು.

ಕ್ಯಾಲಿಫೋರ್ನಿಯಾದ ಬೆರಿಯೆಸ್ಸಾ ಸರೋವರದಲ್ಲಿರುವ ದೊಡ್ಡ ಬಿಲದೊಳಗೆ ನೀರು ಸುತ್ತಲಿಂದಲೂ ಇಳಿದು ಮಾಯವಾಗುವ ವಿಡಿಯೊವನ್ನು ನಮ್ಮಲ್ಲಿ ಬಹಳ ಮಂದಿ ನೋಡಿರುತ್ತಾರೆ. ಮಾಂಟಿಸೆಲ್ಲೊ ಅಣೆಕಟ್ಟೆಯ ಪಕ್ಕದಲ್ಲಿರುವ ಅದರ ಬಾಯಿ 72 ಅಡಿ ಅಗಲ. 2017ರಲ್ಲಿ, ಹತ್ತು ವರ್ಷಕ್ಕೂ ಹೆಚ್ಚು ಕಾಲದ ಬಳಿಕ ಅದು ತುಂಬಿ ಹರಿದಾಗ ಜಗತ್ತೆಲ್ಲ ಬೆರಗಾಯಿತು. ಅದರ ಕೆಲಸ ಮಾತ್ರ ಬಹಳ ಸರಳ: ತುಂಬಿದ ನೀರು ಅಂಚು ದಾಟಿ ಕೆಳಗೆ ಬೀಳುತ್ತದೆ, ಅಷ್ಟೇ. ಅಂಥದೇ ಬಾಯಿಯ ಮೇಲೆ ಒಂದು ಗುಮ್ಮಟ ಕವುಚಿಟ್ಟು, ಬೀಳುವ ನೀರನ್ನು ಎಳೆಯುವ ನೀರಾಗಿ ಮಾಡಿದ್ದು ಹಳೆಯ ಮೈಸೂರು ಸಂಸ್ಥಾನದ ಎಂಜಿನಿಯರುಗಳು. ಆ ಗುಮ್ಮಟದೊಳಗೆ ಏನು ನಡೆಯುತ್ತದೆ ಎಂಬುದು ಬಿಲದ ವಿಡಿಯೊಗಿಂತ ಸೊಗಸಾದ ಕಥೆ.

ಕೋಡಿಯ ಲೆಕ್ಕ

ಕೆರೆ ಕಟ್ಟಿದವರಿಗೆಲ್ಲ ಇರುವ ಭಯ ಒಂದೇ: ಏರಿಯ ಮೇಲೆ ನೀರು ಹತ್ತಬಾರದು. ಕಲ್ಲಿನ ಕಟ್ಟಡ ಅದನ್ನು ಒಂದಷ್ಟು ತಡೆದುಕೊಂಡೀತು. ಮಣ್ಣಿನ ಏರಿ ತಡೆಯುವುದಿಲ್ಲ. ಒಂದು ಕಡೆ ಮಣ್ಣು ಕೊರೆಯಲು ಶುರುವಾದರೆ ಕೆಲವೇ ಗಂಟೆಗಳಲ್ಲಿ ಏರಿ ಒಡೆಯುತ್ತದೆ. ಅದಕ್ಕೇ ಹಳ್ಳಿಯ ಕೆರೆಗೂ ಒಂದು ಕೋಡಿ ಇರುತ್ತದೆ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಅಲ್ಲಿಂದ ಹೊರಬೀಳುತ್ತದೆ.

ಕೋಡಿ ನಂಬಿಕಸ್ಥ, ಆದರೆ ನಿಧಾನಸ್ಥ. ಒಂದು ಮೀಟರ್ ಉದ್ದದ ಕೋಡಿಯ ಮೇಲೆ 30 ಸೆಂಟಿಮೀಟರ್ ನೀರು ನಿಂತು ಹರಿದರೆ ಹೊರಹೋಗುವುದು ಸೆಕೆಂಡಿಗೆ ಹೆಚ್ಚುಕಡಿಮೆ 280 ಲೀಟರ್. ಇನ್ನೂ ಹೆಚ್ಚು ಹೋಗಬೇಕೆಂದರೆ ಎರಡೇ ದಾರಿ. ಕೋಡಿಯನ್ನು ಉದ್ದ ಮಾಡಬೇಕು, ಇಲ್ಲವೇ ನೀರು ಅದರ ಮೇಲೆ ಇನ್ನೂ ಎತ್ತರಕ್ಕೆ ಏರಲು ಬಿಡಬೇಕು. ಉದ್ದ ಮಾಡಲು ಜಾಗ ಬೇಕು. ನೀರು ಏರಲು ಬಿಟ್ಟರೆ ಏರಿಯನ್ನೂ ಅಷ್ಟು ಎತ್ತರಿಸಬೇಕು, ಹಿನ್ನೀರಿನಲ್ಲಿ ಇನ್ನಷ್ಟು ಗದ್ದೆ, ತೋಟ, ಮನೆ ಮುಳುಗುತ್ತವೆ. ವರ್ಷದಲ್ಲಿ ನಾಲ್ಕು ದಿನ ಬರುವ ಪ್ರವಾಹಕ್ಕೆಂದು ಇಷ್ಟೆಲ್ಲ ಖರ್ಚು.

ಗೇಟು ಹಾಕಿದರೆ ಈ ತೊಂದರೆ ತಪ್ಪುತ್ತದೆ. ಆದರೆ ಗೇಟಿಗೆ ಸರಪಳಿ, ಮೋಟಾರು, ಗ್ರೀಸು, ಕರೆಂಟು, ಎಲ್ಲಕ್ಕಿಂತ ಮುಖ್ಯವಾಗಿ ಅಪರಾತ್ರಿಯಲ್ಲಿ ಮಳೆಯಲ್ಲಿ ನೆನೆಯುತ್ತ ಅದನ್ನು ಎತ್ತಲು ಒಬ್ಬ ಮನುಷ್ಯ ಬೇಕು. 1930ರ ದಶಕದ ಮೈಸೂರು ಸಂಸ್ಥಾನದಲ್ಲಿ, ಊರಿನಿಂದ ದೂರದ ಅಣೆಕಟ್ಟೆಯೊಂದರಲ್ಲಿ, ಇವೆಲ್ಲ ಸರಿಯಾದ ಹೊತ್ತಿಗೆ ಕೈಗೆ ಸಿಗುತ್ತವೆಂದು ಯಾವ ಎಂಜಿನಿಯರೂ ಧೈರ್ಯವಾಗಿ ಹೇಳುವಂತಿರಲಿಲ್ಲ.

ವಸುದೇವನ ಬಟ್ಟಲು

ಸೈಫನ್ ಎಂಬುದು ನಮಗೆ ಹೊಸದೇನಲ್ಲ. ಡ್ರಮ್ಮಿನಿಂದ ಡೀಸೆಲ್ ತೆಗೆಯಲು ರಬ್ಬರ್ ಪೈಪಿನ ಒಂದು ತುದಿ ಒಳಗಿಟ್ಟು ಇನ್ನೊಂದನ್ನು ಬಾಯಲ್ಲಿ ಎಳೆಯುವವರು ಮಾಡುವುದು ಇದನ್ನೇ. ಒಮ್ಮೆ ಪೈಪು ತುಂಬಿತೆಂದರೆ ಹೊರಗಿನ ತುದಿ ತಗ್ಗಿನಲ್ಲಿರುವವರೆಗೆ ಎಣ್ಣೆ ತಾನಾಗಿ ಡ್ರಮ್ಮಿನ ಅಂಚು ಹತ್ತಿ ಇಳಿಯುತ್ತದೆ. ಇಳಿಯುವ ಬದಿಯ ಭಾರ ಎಳೆಯುತ್ತದೆ, ಡ್ರಮ್ಮಿನೊಳಗಿನ ಎಣ್ಣೆಯನ್ನು ಹೊರಗಿನ ಗಾಳಿಯ ಒತ್ತಡ ಹಿಂದಿನಿಂದ ತಳ್ಳುತ್ತದೆ.

ಬಾಯಲ್ಲಿ ಎಳೆಯುವವರೇ ಇಲ್ಲದೆ ಸೈಫನ್ ಶುರುವಾಗುವುದನ್ನು ನೋಡಬೇಕಾದರೆ ಹಳೆಯ ವಸುದೇವನ ಬಟ್ಟಲನ್ನು ನೋಡಬೇಕು. ಹಿತ್ತಾಳೆಯ ಬಟ್ಟಲಿನ ನಡುವೆ ಮಗುವನ್ನು ಎತ್ತಿಕೊಂಡು ವಸುದೇವ ನಿಂತಿರುತ್ತಾನೆ. ನೀರು ಹೊಯ್ಯುತ್ತ ಹೋದರೆ ಯಮುನೆ ಏರುತ್ತಾಳೆ. ಕೃಷ್ಣನ ಪಾದ ಸೋಕಿದ್ದೇ ತಡ, ನೀರೆಲ್ಲ ಅಡಿಯ ತೂತಿನಿಂದ ಸರ್ರನೆ ಇಳಿದುಹೋಗುತ್ತದೆ. ವಸುದೇವನ ಮೈಯೊಳಗೆ ಬಾಗಿದ ನಾಳವೊಂದು ಅಡಗಿದೆ. ಅದರ ಬಾಗು ಇರುವುದು ಕೃಷ್ಣನ ಪಾದದ ಮಟ್ಟಕ್ಕೆ. ನೀರು ಅಲ್ಲಿಗೆ ಮುಟ್ಟುವವರೆಗೆ ಏನೂ ಆಗದು. ಮುಟ್ಟಿತೆಂದರೆ ನಾಳ ತುಂಬಿ, ಬಟ್ಟಲು ಬರಿದಾಗುವವರೆಗೆ ಎಳೆಯುವುದು ನಿಲ್ಲದು. ಗ್ರೀಕರಲ್ಲೂ ಇಂಥದೇ ಬಟ್ಟಲಿಗೆ ಪೈಥಾಗೊರಸನ ಹೆಸರಿದೆ. ಆದರೆ ಅವರದರಲ್ಲಿ ಕಥೆ ಇಲ್ಲ, ಅತಿಯಾಸೆಯಿಂದ ತುಂಬಿಸಿಕೊಂಡವನ ದ್ರಾಕ್ಷಾರಸ ಸೋರಿಹೋಗುವ ತಮಾಷೆ ಮಾತ್ರ ಇದೆ.

ಅಣೆಕಟ್ಟೆಗೆ ಬೇಕಾಗಿದ್ದದ್ದು ಹೀಗೆ ಗೊತ್ತಾದ ಮಟ್ಟದಲ್ಲಿ ತಾನಾಗಿ ಶುರುವಾಗುವ ನಾಳ. ಆದರೆ ಬಟ್ಟಲು ಪೂರ್ತಿ ಬರಿದಾಗಬಾರದು, ಹೆಚ್ಚಿನ ನೀರಷ್ಟೇ ಹೋಗಬೇಕು. ಬೆರಳ ದಪ್ಪದ ನಾಳ ತಾನಾಗಿ ತುಂಬಿಕೊಳ್ಳುತ್ತದೆ, ಆಳು ನಡೆದು ಹೋಗುವಷ್ಟು ಅಗಲದ ನಾಳ ತುಂಬಿಕೊಳ್ಳುವುದಿಲ್ಲ. ಅಂಚು ದಾಟಿದ ನೀರು ಗೋಡೆ ಹಿಡಿದು ತೆಳ್ಳಗೆ ಜಾರಿಬಿಡುತ್ತದೆ, ನಡುವೆ ಗಾಳಿ ಹಾಗೆಯೇ ನಿಂತಿರುತ್ತದೆ. ಗಾಳಿ ಇರುವವರೆಗೆ ಅದು ಬರೀ ಕೋಡಿ, ಸೈಫನ್ ಅಲ್ಲ. ಬಾಯಿ ಹಚ್ಚಿ ಎಳೆಯುವವರಿಲ್ಲದ ಕಡೆ ಆ ಗಾಳಿಯನ್ನು ಹೊರಹಾಕುವುದು ಹೇಗೆ?

ಗುಮ್ಮಟದ ಒಳಗೆ

ಇದಕ್ಕೆ ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಕೊಟ್ಟ ಉತ್ತರ ಇಂದಿಗೂ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಠ್ಯದಲ್ಲಿ ಅವರದೇ ಹೆಸರಿನಲ್ಲಿದೆ: ಗಣೇಶ್ ಅಯ್ಯರ್ ವೊಲ್ಯೂಟ್ ಸೈಫನ್.

ಜಲಾಶಯದೊಳಗೆ ನೆಟ್ಟಗೆ ನಿಂತ ದೊಡ್ಡ ಕೊಳವೆ. ಅದರ ಮೇಲ್ತುದಿ ಲಾಳಿಕೆಯ ಹಾಗೆ ಅಗಲವಾಗಿ ಅರಳಿದೆ. ಲಾಳಿಕೆಯ ಅಂಚು ಸರಿಯಾಗಿ ಜಲಾಶಯದ ಪೂರ್ಣ ಮಟ್ಟದಲ್ಲಿದೆ. ಕೆಳಗೆ ಕೊಳವೆ ಬಾಗಿ ಅಣೆಕಟ್ಟೆಯ ಮೂಲಕ ಹೊರಗೆ ಹೋಗುತ್ತದೆ. ಲಾಳಿಕೆಯ ಮೇಲೆ, ಅದಕ್ಕಿಂತ ಅಗಲವಾದ ಕಾಂಕ್ರೀಟ್ ಗುಮ್ಮಟವೊಂದನ್ನು ಕಂಬಗಳ ಆಧಾರದಲ್ಲಿ ಕವುಚಿದ್ದಾರೆ. ಗುಮ್ಮಟದ ಅಂಚು ಲಾಳಿಕೆಯ ಅಂಚಿಗಿಂತ ಕೆಳಗೆ, ನೀರಿನೊಳಗೆ ಇಳಿದಿದೆ. ನೀರು ಆ ಸಂದಿನಲ್ಲಿ ಮೇಲೇರಿ ಲಾಳಿಕೆಯ ಬಾಯಿಗೆ ಬೀಳಬೇಕು.

ಇಷ್ಟರವರೆಗೆ ವಿಶೇಷವೇನಿಲ್ಲ. ಹಳೆಯ ಕಚೇರಿಗಳ ಶೌಚಾಲಯದಲ್ಲಿ ಸರಪಳಿ ಜಗ್ಗಿದರೆ ಭೋರ್ಗರೆಯುತ್ತಿದ್ದ ಕಬ್ಬಿಣದ ಟ್ಯಾಂಕಿನೊಳಗೂ ಇದೇ ಜಾತಿಯ ಕವುಚಿದ ಗಂಟೆ ಇತ್ತು. ಅಯ್ಯರ್ ಅವರ ಜಾಣತನ ಇರುವುದು ಲಾಳಿಕೆಯ ಒಳಮೈಯಲ್ಲಿ. ಅಲ್ಲಿ ಸುರುಳಿಯಾಗಿ ಇಳಿಯುವ ರೆಕ್ಕೆಗಳಿವೆ. ಅಂಚು ದಾಟಿದ ನೀರು ನೇರವಾಗಿ ಬೀಳಲಾಗದೆ ಆ ರೆಕ್ಕೆಗಳ ಗುಂಟ ಗಿರಗಿರ ತಿರುಗುತ್ತ ಇಳಿಯುತ್ತದೆ. ನಡುವೆ ಸುಳಿ ಹುಟ್ಟುತ್ತದೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಸೆಳೆದುಕೊಂಡು ನೀರಿನ ಜೊತೆ ಕೆಳಗೆ ಸಾಗಿಸುತ್ತದೆ. ಕೆಳಗಿನ ಬಾಗು ನೀರಿನಿಂದ ಮುಚ್ಚಿರುವುದರಿಂದ ಹೋದ ಗಾಳಿ ವಾಪಸು ಬರುವಂತಿಲ್ಲ.

ಗುಮ್ಮಟದೊಳಗೆ ಗಾಳಿ ತೆಳುವಾದಷ್ಟೂ ಜಲಾಶಯದ ನೀರು ಸಂದಿನಲ್ಲಿ ಇನ್ನೂ ಮೇಲೇರುತ್ತದೆ. ಮೇಲೇರಿದಷ್ಟೂ ಹೆಚ್ಚು ನೀರು ಲಾಳಿಕೆಗೆ ಬೀಳುತ್ತದೆ. ಹೆಚ್ಚು ಬಿದ್ದಷ್ಟೂ ಸುಳಿ ಬಿಗಿಯಾಗುತ್ತದೆ. ಹೀಗೆ ಒಂದಕ್ಕೊಂದು ಇಂಬುಕೊಟ್ಟು, ನೋಡನೋಡುತ್ತ ಕೊಳವೆ ಇಡಿಯಾಗಿ ತುಂಬುತ್ತದೆ. ಜನ ಕೇಳಿಸಿಕೊಳ್ಳುವ ಆ ಉಸಿರೆಳೆತ ಇದರದ್ದೇ.

ಅಲ್ಲಿಂದ ಲೆಕ್ಕವೇ ಬದಲಾಗುತ್ತದೆ. ಕೋಡಿಯ ನೀರನ್ನು ನೂಕುತ್ತಿದ್ದದ್ದು ಅದರ ಮೇಲೆ ನಿಂತ ಗೇಣುದ್ದದ ನೀರು ಮಾತ್ರ. ಕೊಳವೆ ತುಂಬಿದ ಮೇಲೆ ಎಳೆಯುವುದು ಜಲಾಶಯದ ಮೇಲ್ಮೈಯಿಂದ ಹೊರಬಾಯಿಯವರೆಗಿನ ಅಷ್ಟೂ ಇಳಿತ. ಎಂಟು ಮೀಟರ್ ಇಳಿತ ಇದ್ದರೆ, ಒಂದು ಚದರ ಮೀಟರ್ ಬಾಯಿಯ ಕೊಳವೆಯಲ್ಲಿ, ತಿರುವು ಮತ್ತು ಘರ್ಷಣೆಯಲ್ಲಿ ಕಳೆದುಹೋಗುವುದನ್ನು ಬಿಟ್ಟರೂ ಸೆಕೆಂಡಿಗೆ ಎಂಟು ಸಾವಿರ ಲೀಟರಿನಷ್ಟು ಹೊರಹೋಗಬಲ್ಲದು. ಮೀಟರುದ್ದದ ಕೋಡಿಯ 280 ಲೀಟರಿನ ಎದುರು ಇದನ್ನಿಟ್ಟು ನೋಡಿ.

ನಿಲ್ಲಿಸುವ ಉಪಾಯ ಇನ್ನೂ ಸರಳ. ಗುಮ್ಮಟಕ್ಕೆ ಸಣ್ಣದೊಂದು ಗಾಳಿ ಕೊಳವೆ ಜೋಡಿಸಿದ್ದಾರೆ. ಅದರ ಬಾಯಿ ಪೂರ್ಣ ಮಟ್ಟದಲ್ಲಿ ನೀರಿಗೆ ತೆರೆದಿದೆ. ನೀರು ಅದಕ್ಕಿಂತ ಇಳಿದ ಕೂಡಲೇ ಬಾಯಿ ಹೊರಬಿದ್ದು ಗಾಳಿ ಒಳನುಗ್ಗುತ್ತದೆ, ಎಳೆತ ತುಂಡಾಗುತ್ತದೆ. ವಸುದೇವನ ಬಟ್ಟಲಿನ ಹಾಗೆ ತಳ ಕಾಣುವವರೆಗೆ ಸೋರುವ ಪ್ರಶ್ನೆಯೇ ಇಲ್ಲ.

ಇದಕ್ಕೂ ಒಂದು ಮಿತಿ ಇದೆ, ಅದನ್ನು ಯಾವ ಎಂಜಿನಿಯರೂ ದಾಟಲಾರ. ನೀರನ್ನು ತಳ್ಳುವುದು ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಅದು ಎತ್ತಿ ಹಿಡಿಯಬಲ್ಲದ್ದು 10.3 ಮೀಟರ್ ನೀರನ್ನು ಮಾತ್ರ. ಗಾಳಿ ತೆಳುವಾಗಿರುವ ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒಂಬತ್ತೂವರೆ ಮೀಟರಿನ ಆಸುಪಾಸು. ಅದರ ಹತ್ತಿರ ಹೋದರೂ ಅಪಾಯವೇ: ಒತ್ತಡ ತೀರಾ ಕುಸಿದ ಕಡೆ ನೀರು ತಣ್ಣಗಿದ್ದೇ ಆವಿಯಾಗಿ, ಗುಳ್ಳೆಗಳು ಒಡೆಯುತ್ತ ಕಾಂಕ್ರೀಟನ್ನು ಕೊರೆಯುತ್ತವೆ. ಹಾಗಾಗಿ ಲೆಕ್ಕ ಹಾಕುವವರು ಏಳೆಂಟು ಮೀಟರಿಗೇ ನಿಲ್ಲುತ್ತಾರೆ.

ತಾನೇ ಏಳುವ ಬಾಗಿಲಿನಿಂದ ಬಾಗಿಲೇ ಇಲ್ಲದ ಕಡೆಗೆ

ಆಳಿಲ್ಲದೆ ನಡೆಯುವ ಅಣೆಕಟ್ಟೆಯ ಆಸೆ ಮೈಸೂರಿನವರಿಗೆ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ಕೆಲಸದಲ್ಲಿದ್ದಾಗ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಅಳವಡಿಸಿದ್ದರು. ನೀರು ಗೊತ್ತಾದ ಮಟ್ಟ ದಾಟಿದರೆ ಅವು ತಾವೇ ಏಳುತ್ತಿದ್ದವು, ಇಳಿದರೆ ತಾವೇ ಮುಚ್ಚುತ್ತಿದ್ದವು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೂ ಕೃಷ್ಣರಾಜಸಾಗರಕ್ಕೂ ಅದೇ ಉಪಾಯ ಬಂತು. ಅದರಲ್ಲಿ ಮನುಷ್ಯನ ಕೈ ಬೇಕಿರಲಿಲ್ಲ, ನಿಜ. ಆದರೂ ಬಾಗಿಲು ಇತ್ತು, ತೂಕದ ಗುಂಡು ಇತ್ತು, ಸವೆಯುವ ಭಾಗಗಳಿದ್ದವು. ಸೈಫನ್ ಅಲುಗಾಡುವ ಒಂದೇ ಒಂದು ಭಾಗವನ್ನೂ ಉಳಿಸಲಿಲ್ಲ.

ಮಾರ್ಕೋನಹಳ್ಳಿ ಅಣೆಕಟ್ಟೆ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದ್ದು. ಶಿಂಷಾ ನದಿಗೆ ಅಡ್ಡಲಾಗಿ ನಡುವೆ ಚಿಕ್ಕದೊಂದು ಕಲ್ಲುಕಟ್ಟಡ, ಎರಡೂ ಬದಿಗೆ ಉದ್ದಾನುದ್ದ ಮಣ್ಣಿನ ಏರಿ. ಹಿಡಿಯುವ ನೀರು ಎರಡೂವರೆ ಟಿಎಂಸಿಗೆ ಸ್ವಲ್ಪ ಕಡಿಮೆ. ಕೋಡಿಗೆ ಜಾಗ ಕಡಿಮೆ, ಮಣ್ಣಿನ ಏರಿಯ ಮೇಲೆ ನೀರು ಹತ್ತುವಂತಿಲ್ಲ. ಸೈಫನ್‌ಗೆ ಹೇಳಿ ಮಾಡಿಸಿದ ಸ್ಥಳ. ಏಷ್ಯಾದಲ್ಲೇ ಮೊದಲ ಸೈಫನ್ ಅಣೆಕಟ್ಟೆ ಇದೆಂದು ಪ್ರವಾಸಿಗರಿಗೆ ಹೇಳುವುದುಂಟು. ಅದು ಅಭಿಮಾನದ ಮಾತು. ಇಂದಿನ ಛತ್ತೀಸಗಡದ ಮುರುಮ್‌ಸಿಲ್ಲಿ ಅಣೆಕಟ್ಟೆಯಲ್ಲಿ 1923ರ ಹೊತ್ತಿಗೇ ಸಾಲು ಸೈಫನ್‌ಗಳಿದ್ದವು. ಸುಳಿಯನ್ನು ಹುಟ್ಟಿಸಿ ಗಾಳಿ ಹೀರುವ ಈ ಗುಮ್ಮಟದ ಬಗೆ ಮಾತ್ರ ಮೈಸೂರಿನದು, ಹೆಮ್ಮೆಗೆ ಅಷ್ಟು ಸಾಕಲ್ಲ.

ಇದೇ ಬಗೆಯ ಸಾಲು ಗುಮ್ಮಟಗಳು ಶರಾವತಿಯ ಮೇಲೂ ಇವೆ, ಸಾಗರ ತಾಲ್ಲೂಕಿನ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ. 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರು ಹಿಡಿದಿಟ್ಟುಕೊಟ್ಟದ್ದು ಇದು. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಊರು, ತೋಟಗಳ ಜೊತೆಗೆ ಈ ಅಣೆಕಟ್ಟೆಯೂ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟು ಜಲಾಶಯ ತೀರಾ ತಳ ಕಂಡ ಬೇಸಿಗೆಯಲ್ಲಿ ಮಾತ್ರ ಇಡೀ ಕಟ್ಟಡ ಹೊರಗೆ ಬರುತ್ತದೆ. ನೋಡಲು ಹೋದವರ ಚಿತ್ರಗಳು ಆಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಅಂದಹಾಗೆ, ಅದನ್ನು ಮುಳುಗಿಸಿದ ಲಿಂಗನಮಕ್ಕಿಗೆ ಎಂಜಿನಿಯರುಗಳು ಸೈಫನ್ ಇಡಲಿಲ್ಲ, ಗೇಟುಗಳನ್ನೇ ಇಟ್ಟರು.

ಸರಪಳಿ ತುಂಡಾದ ರಾತ್ರಿ

ಗೇಟು ಏನು ಮಾಡಬಲ್ಲದು ಎಂದು ನಮಗೆ ಚೆನ್ನಾಗಿ ನೆನಪಿರುವುದು 2024ರ ಆಗಸ್ಟ್ 10ರ ರಾತ್ರಿಯಿಂದ. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್‌ಗೇಟ್‌ಗಳಲ್ಲಿ 19ನೆಯದರ ಸರಪಳಿ ಕೊಂಡಿ ಕಳಚಿ, ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ. ಆ ಒಂದು ಕಂಡಿಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಬೆಳೆಗೆಂದು ಹಿಡಿದಿಟ್ಟಿದ್ದ ನೀರನ್ನು ದಿನಗಟ್ಟಲೆ ಹೊಳೆಗೆ ಬಿಡಬೇಕಾಯಿತು. ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ಕಂಡಿ ಮುಚ್ಚುವಷ್ಟರಲ್ಲಿ ವಾರ ಕಳೆದಿತ್ತು.

ಇನ್ನೊಂದು ದಿಕ್ಕಿನ ದುರಂತವೂ ಇದೆ, ಅದು ಇನ್ನೂ ಭೀಕರ. ಗುಜರಾತಿನ ಮಚ್ಛು-2 ಅಣೆಕಟ್ಟೆಯಲ್ಲಿ 1979ರ ಆಗಸ್ಟ್ 11ರಂದು ಬಂದ ನೀರು ಗೇಟುಗಳ ಸಾಮರ್ಥ್ಯ ಮೀರಿ, ಮಣ್ಣಿನ ಏರಿ ಹತ್ತಿ, ಅದನ್ನು ಒಡೆದು ಮೋರ್ಬಿ ಪಟ್ಟಣದ ಮೇಲೆ ನುಗ್ಗಿತು. ಸತ್ತವರು ಸಾವಿರಾರು.

ಸೈಫನ್‌ನಲ್ಲಿ ಕಳಚುವ ಕೊಂಡಿಯಿಲ್ಲ, ಮರೆಯುವ ಮನುಷ್ಯನಿಲ್ಲ. ಹಾಗಾದರೆ ಎಲ್ಲ ಅಣೆಕಟ್ಟೆಗೂ ಅದನ್ನೇ ಏಕೆ ಇಡಲಿಲ್ಲ?

ಮೊದಲನೆಯದಾಗಿ, ಅದಕ್ಕೆ ಮುಂದಾಲೋಚನೆ ಇಲ್ಲ. ಮೇಲೆ ಕೊಡಗಿನಲ್ಲೋ ಮಲೆನಾಡಿನಲ್ಲೋ ಜಡಿಮಳೆ ಹಿಡಿದಿದೆ, ನಾಡಿದ್ದು ದೊಡ್ಡ ಪ್ರವಾಹ ಬರಲಿದೆ ಎಂದು ಗೊತ್ತಾದರೆ ಗೇಟು ಇರುವ ಕಡೆ ಇವತ್ತೇ ಒಂದಷ್ಟು ನೀರು ಬಿಟ್ಟು ಜಾಗ ಮಾಡಿಕೊಳ್ಳಬಹುದು. ಸೈಫನ್ ಪೂರ್ಣ ಮಟ್ಟ ಮುಟ್ಟುವವರೆಗೆ ಅಲುಗದು. ಎರಡನೆಯದು, ಲೆಕ್ಕಕ್ಕೆ ಮೀರಿದ ಮಹಾಪ್ರವಾಹ ಬಂದರೆ ಕೋಡಿಯ ಮೇಲೆ ಅಡಿಗಟ್ಟಲೆ ಹೆಚ್ಚುವರಿ ನೀರು ಹೋದೀತು. ತುಂಬಿದ ಕೊಳವೆ ತನ್ನ ಪಾಲಿಗಿಂತ ಹೆಚ್ಚೇನೂ ಒಯ್ಯಲಾರದು. ಮರದ ದಿಮ್ಮಿಯೋ ಕಸದ ರಾಶಿಯೋ ಬಾಯಿಗೆ ಸಿಕ್ಕಿಕೊಂಡರೆ ಅದೂ ಇಲ್ಲ. ಸೈಫನ್ ಪದೇ ಪದೇ ಶುರುವಾಗಿ ನಿಂತಾಗ ಕಟ್ಟಡ ನಡುಗುವುದೂ ಉಂಟು. ಇವೆಲ್ಲಕ್ಕಿಂತ ದೊಡ್ಡ ಕೊರತೆ ಇರುವುದು ಅದರ ಗುಣದಲ್ಲೇ.

ಕೇಳದೆ ಬರುವ ನೀರು

ಸೈಫನ್‌ಗೆ ಅರ್ಧಂಬರ್ಧ ತೆರೆಯಲು ಬಾರದು. ಶುರುವಾದರೆ ಪೂರ್ತಿ, ನಿಂತರೆ ಪೂರ್ತಿ. ಜಲಾಶಯಕ್ಕೆ ಸೆಕೆಂಡಿಗೆ ಐದು ಸಾವಿರ ಲೀಟರ್ ಒಳಹರಿವು ಇದ್ದು, ಸೈಫನ್‌ನ ಶಕ್ತಿ ಇಪ್ಪತ್ತು ಸಾವಿರ ಲೀಟರ್ ಇದೆಯೆನ್ನಿ. ಮಟ್ಟ ಮುಟ್ಟಿದ ಕ್ಷಣದಿಂದ ಅದು ಇಪ್ಪತ್ತು ಸಾವಿರವನ್ನೇ ಹೊರಹಾಕುತ್ತದೆ. ಹೊಳೆಗೆ ಸಹಜವಾಗಿ ಬರಬೇಕಿದ್ದ ನೀರಿನ ನಾಲ್ಕು ಪಟ್ಟು. ಸ್ವಲ್ಪ ಹೊತ್ತಿನಲ್ಲಿ ಮಟ್ಟ ಇಳಿದು ನಿಲ್ಲುತ್ತದೆ, ಮತ್ತೆ ತುಂಬಿದಾಗ ಮತ್ತೆ ಅದೇ. ಕೆಳಗೆ ನಿಂತವರಿಗೆ ಇದರ ಸುಳಿವೇ ಇರುವುದಿಲ್ಲ. ಪಾದ ತೋಯುವಷ್ಟು ನೀರಿದ್ದ ಜಾಗದಲ್ಲಿ ನೋಡನೋಡುತ್ತಿದ್ದಂತೆ ಎದೆಮಟ್ಟದ ಸೆಳೆತ.

2025ರ ಅಕ್ಟೋಬರ್‌ನಲ್ಲಿ ಮಾರ್ಕೋನಹಳ್ಳಿಗೆ ಪಿಕ್‌ನಿಕ್‌ಗೆಂದು ಬಂದು ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು ಹೀಗೆ ಹಠಾತ್ತನೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಗೇಟು ಇರುವ ಕಡೆಯಾದರೆ ಎತ್ತುವವನು ಕೆಳಗೆ ಒಮ್ಮೆ ನೋಡುತ್ತಾನೆ, ಸೈರನ್ ಊದಿಸುತ್ತಾನೆ, ನದಿಪಾತ್ರದ ಊರುಗಳಿಗೆ ಡಂಗುರ ಸಾರಿಸುತ್ತಾನೆ. ಇಲ್ಲಿ ಎತ್ತುವವನೇ ಇಲ್ಲ. ಮನುಷ್ಯನನ್ನು ನಂಬಬೇಕಿಲ್ಲದ ಯಂತ್ರ ಮಾಡಿದ್ದೇವೆಂದರೆ, ಮನುಷ್ಯ ಕೊಡುತ್ತಿದ್ದ ಎಚ್ಚರಿಕೆಯನ್ನು ಬೇರೆ ಯಾರಾದರೂ ಕೊಡಲೇಬೇಕು. ಎಂಬತ್ತು ವರ್ಷ ಹಳೆಯ ಈ ಯಂತ್ರದ ತಪ್ಪು ಹುಡುಕುವ ಮೊದಲು ಆ ಕೆಲಸ ಯಾರದ್ದೆಂದು ಕೇಳುವುದು ನ್ಯಾಯ.

ಕೊಳವೆಗಳ ಕಡೆಯಿಂದಲೂ ಒಂದು ಪರಿಹಾರ ಇದೆ. ಹಲವು ಸೈಫನ್‌ಗಳಿರುವಲ್ಲಿ ಎಲ್ಲದರ ಅಂಚನ್ನೂ ಒಂದೇ ಮಟ್ಟದಲ್ಲಿ ಇಡದೆ ಒಂದಕ್ಕಿಂತ ಒಂದನ್ನು ಒಂದಿಷ್ಟು ಮೇಲಿಡುತ್ತಾರೆ. ಆಗ ಮೊದಲು ಒಂದು, ನೀರು ಇನ್ನೂ ಏರಿದರೆ ಇನ್ನೊಂದು, ಹೀಗೆ ಸರದಿಯಲ್ಲಿ ಶುರುವಾಗಿ ಹೊಳೆಗೆ ಬೀಳುವ ಪೆಟ್ಟು ತಗ್ಗುತ್ತದೆ. ಗಾಳಿಯನ್ನು ಹದವಾಗಿ ಒಳಬಿಟ್ಟು, ಬಂದಷ್ಟೇ ನೀರು ಹೊರಹೋಗುವಂತೆ ಮಾಡುವ ಹೊಸ ಬಗೆಯ ಸೈಫನ್‌ಗಳೂ ಈಗ ಬೇರೆ ದೇಶಗಳಲ್ಲಿವೆ.

ಆದರೆ ಎಚ್ಚರಿಕೆಗೆ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಸೈಫನ್ ಯಾವಾಗ ಶುರುವಾಗುತ್ತದೆಂಬುದು ಗುಟ್ಟಲ್ಲ. ಅದರ ಅಂಚಿನ ಮಟ್ಟ ಕಟ್ಟಿದ ದಿನದಿಂದ ಬದಲಾಗಿಲ್ಲ, ಜಲಾಶಯದ ಮಟ್ಟವನ್ನು ಸಿಬ್ಬಂದಿ ದಿನವೂ ಪಟ್ಟಿಯಲ್ಲಿ ಓದಿ ಬರೆದುಕೊಳ್ಳುತ್ತಾರೆ, ಒಳಹರಿವು ಎಷ್ಟೆಂದೂ ಗೊತ್ತಿರುತ್ತದೆ. ಎಷ್ಟು ಗಂಟೆಯಲ್ಲಿ ನೀರು ಅಂಚು ಮುಟ್ಟೀತೆಂಬುದು ಶಾಲೆಯ ಮಕ್ಕಳೂ ಮಾಡಬಲ್ಲ ಗುಣಾಕಾರ, ಭಾಗಾಕಾರ. ಒಂದು ಅಡಿ ಬಾಕಿ ಇರುವಾಗಲೇ ಕೆಳಗಿನ ಪಾತ್ರದಿಂದ ಜನರನ್ನು ಮೇಲೆ ಹತ್ತಿಸಲು ಒಬ್ಬ ಕಾವಲಿನವನು, ಒಂದು ಮೈಕು ಸಾಕು.